ಬಾಯಿ ಮುಕ್ಕಳಿಸುವ ನೀರಿನಲ್ಲಿ ಏನೇನಿದೆ?

ಹೈದರಾಬಾದಿನ ಮಾದಾಪುರದಲ್ಲಿ ರಾತ್ರಿಯೂ ಆಫೀಸುಗಳ ದೀಪ ಆರುವುದಿಲ್ಲ. 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಬೆಳೆದ ಈ ಐಟಿ ಪ್ರದೇಶದಲ್ಲಿ ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಎಸಿ ಕೋಣೆ, ರಾತ್ರಿ ಪಾಳಿ, ಊಟದ ಹೊತ್ತಿಗೆ ಇರಾನಿ ಚಹಾ. ಬಾಯಿ ಒಣಗುವುದಕ್ಕೆ ಇಷ್ಟು ಸಾಕು. ಜೊಲ್ಲು ಕಡಿಮೆಯಾದರೆ ವಾಸನೆ ಶುರು, ಅದರ ಹಿಂದೆಯೇ ಮೆಡಿಕಲ್ ಶಾಪಿನಿಂದ ಒಂದು ಮೌತ್‌ವಾಶ್ ಬಾಟಲಿ.

ಬಾಯಿ ವಾಸನೆಗೆ ಹೊಟ್ಟೆಯನ್ನು ದೂರುವುದು ರೂಢಿ. ಆದರೆ ಬಹುಪಾಲು ವಾಸನೆ ಹುಟ್ಟುವುದು ನಾಲಿಗೆಯ ಹಿಂಭಾಗದಲ್ಲಿ, ವಸಡಿನ ಸಂದಿನಲ್ಲಿ. ಅಲ್ಲಿ ಗಾಳಿಯಾಡದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳು ಆಹಾರದ, ಸತ್ತ ಜೀವಕೋಶಗಳ ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವಾದ ಹೈಡ್ರೋಜನ್ ಸಲ್ಫೈಡ್ ಇವುಗಳಲ್ಲೊಂದು.

ಸತು ಇರುವ ಮೌತ್‌ವಾಶ್ ನೇರವಾಗಿ ಈ ಅನಿಲದ ಮೇಲೇ ಕೆಲಸ ಮಾಡುತ್ತದೆ. ಸತುವಿನ ಅಯಾನು ಗಂಧಕಕ್ಕೆ ಅಂಟಿಕೊಂಡರೆ ಆ ವಸ್ತು ಆವಿಯಾಗಿ ಮೂಗಿಗೆ ತಲುಪುವುದಿಲ್ಲ. ಇನ್ನು ಕೆಲವು ಮೌತ್‌ವಾಶ್‌ಗಳಲ್ಲಿರುವ ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಹಾಗಲ್ಲ, ಅದು ಬ್ಯಾಕ್ಟೀರಿಯಾದ ಹೊರಪದರವನ್ನೇ ಸೀಳುತ್ತದೆ.

ಎಲ್ಲಕ್ಕಿಂತ ಬಲವಾದದ್ದು ಕ್ಲೋರ್‌ಹೆಕ್ಸಿಡಿನ್. 1970ರಲ್ಲಿ ದಂತ ಸಂಶೋಧಕ ಹಾರಲ್ಡ್ ಲೋ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪ್ರಯೋಗದಲ್ಲಿ, ಹಲ್ಲುಜ್ಜುವುದನ್ನು ನಿಲ್ಲಿಸಿದವರು ದಿನಕ್ಕೆರಡು ಬಾರಿ ಶೇ 0.2ರ ಈ ದ್ರಾವಣ ಮುಕ್ಕಳಿಸಿದಾಗ ಹಲ್ಲಿನ ಮೇಲೆ ಪಾಚಿ ಕಟ್ಟಲಿಲ್ಲ. ಧನ ವಿದ್ಯುದಂಶದ ಈ ಅಣು ಹಲ್ಲಿಗೂ ಬಾಯಿಯ ಒಳಪದರಕ್ಕೂ ಅಂಟಿ ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಇಷ್ಟು ಕೇಳಿ ನಿತ್ಯ ಬಳಸಲು ಹೊರಡಬೇಡಿ. ವಾರಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ರುಚಿ ಕೆಡುತ್ತದೆ. ಸೊಪ್ಪಿನಲ್ಲಿರುವ ನೈಟ್ರೇಟನ್ನು ದೇಹಕ್ಕೆ ಉಪಯೋಗವಾಗುವಂತೆ ಪರಿವರ್ತಿಸುವ ನಾಲಿಗೆಯ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ವೈದ್ಯರು ಹೇಳಿದಷ್ಟೇ ದಿನ ಸಾಕು. ಪೇಸ್ಟಿನ ನೊರೆ ಬರಿಸುವ ವಸ್ತು ಇದರ ಶಕ್ತಿ ಕುಂದಿಸುವುದರಿಂದ, ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು.

ಇನ್ನು ಸುಗಂಧ ತೈಲಗಳ ಬಗೆ. 1879ರಲ್ಲಿ ಅಮೆರಿಕದ ಜೋಸೆಫ್ ಲಾರೆನ್ಸ್ ರೂಪಿಸಿದ ಲಿಸ್ಟರಿನ್ ಮೊದಲು ಬಂದದ್ದು ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕವಾಗಿ. ಅದರ ಮುಖ್ಯ ಅಂಶಗಳಲ್ಲಿ ಒಂದಾದ ಥೈಮಾಲ್, ನಮ್ಮ ಅಡುಗೆಮನೆಯ ಅಜವಾನಕ್ಕೆ ಘಾಟು ಕೊಡುವ ವಸ್ತುವೇ. ನನಗೆ ಇದು ಈ ವಿಷಯದ ಅತ್ಯಂತ ಸಂತೋಷದ ಸಂಗತಿ. ಹಾಗೆಂದು ಅಜವಾನ ಅಗಿದರೆ ಮೌತ್‌ವಾಶ್ ಬೇಕಿಲ್ಲ ಎಂದು ತಿಳಿಯಬಾರದು. ಬಾಟಲಿಯಲ್ಲಿ ಥೈಮಾಲ್‌ನ ಪ್ರಮಾಣ ಅಳತೆಗೆ ತಕ್ಕಂತಿದ್ದು, ದ್ರವ ಬಾಯಿಯ ಮೂಲೆಮೂಲೆಗೂ ಹರಡುತ್ತದೆ. ಈ ತೈಲಗಳನ್ನು ಕರಗಿಸಲು ಹಳೆಯ ಸೂತ್ರದಲ್ಲಿ ಶೇ 20ಕ್ಕೂ ಹೆಚ್ಚು ಮದ್ಯಸಾರ ಇರುತ್ತದೆ. ಮೊದಲೇ ಒಣಗಿದ ಬಾಯಿಗೆ ಅದು ಉರಿ. ರಾತ್ರಿ ಪಾಳಿಯವರು ಮದ್ಯಸಾರವಿಲ್ಲದ್ದನ್ನೇ ಕೇಳಿ ಕೊಳ್ಳಲಿ. ಆರು ವರ್ಷದೊಳಗಿನ ಮಕ್ಕಳು ನುಂಗಿಬಿಡುವುದರಿಂದ ಅವರಿಗೆ ಯಾವುದೂ ಬೇಡ.

ರೊಟ್ಟಿಯ ಜೊತೆ ಬೆಳ್ಳುಳ್ಳಿ ಚಟ್ನಿ ತಿಂದ ವಾಸನೆಗೆ ಮಾತ್ರ ಈ ಮೌತ್‌ವಾಶ್‌ಗಳಿಂದ ಪೂರ್ತಿ ಪರಿಹಾರವಿಲ್ಲ. ಅದರ ಒಂದು ಗಂಧಕದ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಉಸಿರಿನಲ್ಲಿ ಹೊರಬರುತ್ತದೆ. ವಸಡಿನ ಆಳಕ್ಕೂ ಮುಕ್ಕಳಿಸುವ ನೀರು ಇಳಿಯದು. ದಿನವೂ ನಾಲಿಗೆ ಹೆರೆದು, ಹಲ್ಲಿನ ಸಂದು ಚೊಕ್ಕ ಮಾಡಿ, ನೀರು ಕುಡಿದರೂ ವಾಸನೆ ಹೋಗದಿದ್ದರೆ, ಉಜ್ಜುವಾಗ ರಕ್ತ ಬಂದರೆ, ಹಲ್ಲಿನ ಡಾಕ್ಟರರ ಬಳಿ ಹೋಗಿ ಗಾರೆ ತೆಗೆಸಬೇಕು. ಅಲ್ಲಿ ಎಲ್ಲವೂ ಸರಿಯಿದ್ದರೆ ಟಾನ್ಸಿಲ್, ಸೈನಸ್, ಸಕ್ಕರೆ ಕಾಯಿಲೆಯ ತಪಾಸಣೆ ಮಾಡಿಸಬೇಕು.