ಗುಂಡಿಗೆ ಇಳಿಯುವವರು ಯಾರು?

ಬೆಂಗಳೂರಿನ ನಮ್ಮ ಮನೆಯ ಬಚ್ಚಲಿನಲ್ಲಿ ನೀರು ನಿಧಾನವಾಗಿ ಇಳಿಯತೊಡಗಿದಾಗ ಕೂದಲು ಸಿಕ್ಕಿರಬೇಕೆಂದು ಸುಮ್ಮನಿದ್ದೆ. ಮಳೆಗಾಲದ ಒಂದು ಸಂಜೆ ಸಿಂಕು, ಶೌಚಾಲಯ ಎಲ್ಲವೂ ಒಟ್ಟಿಗೆ ಕಟ್ಟಿಕೊಂಡವು. ಒಂದೇ ಕಡೆ ಕಟ್ಟಿದರೆ ದೋಷ ಆ ಕೊಳವೆಯದು. ಎಲ್ಲೆಡೆ ಕಟ್ಟಿದರೆ ಮುಖ್ಯ ಕೊಳವೆಯದು. ಮಹಡಿಯಲ್ಲಿ ನಲ್ಲಿ ತಿರುಗಿಸಿದರೆ ಕೆಳಗಿನ ಬಚ್ಚಲು ಉಕ್ಕುತ್ತಿತ್ತು.

ಪರಿಚಿತ ಗುತ್ತಿಗೆದಾರರೊಬ್ಬರು, ‘ಸಾವಿರ ಕೊಡಿ ಸಾರ್, ಹುಡುಗ ಗುಂಡಿಗೆ ಇಳಿಯುತ್ತಾನೆ’ ಎಂದರು. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿದೆ. ಇದೆಲ್ಲವನ್ನೂ ಬಲ್ಲ ನಾನು, ಮನೆಯೆಲ್ಲ ನಾರುತ್ತಿದ್ದ ಆ ಹೊತ್ತಿನಲ್ಲಿ, ಒಂದು ಕ್ಷಣ ಜೇಬಿಗೆ ಕೈಹಾಕಿದ್ದು ನಿಜ.

ಬಳಿಕ ಜಲಮಂಡಳಿಯ 1916ಕ್ಕೆ ಕರೆ ಮಾಡಿದೆ. ಮರುದಿನ ಜೆಟ್ಟಿಂಗ್ ಯಂತ್ರ ಬಂತು. ಚೇಂಬರಿನ ಮುಚ್ಚಳ ತೆಗೆದ ಸಿಬ್ಬಂದಿ ಒಂದು ಕೊಳವೆಯತ್ತ ಬೆರಳು ತೋರಿದರು. ನನ್ನ ತಾರಸಿಯ ಮಳೆನೀರು ಒಳಚರಂಡಿಗೇ ಬೀಳುತ್ತಿತ್ತು! ಮನೆ ಕಟ್ಟಿಸುವಾಗ ಮೇಸ್ತ್ರಿಯ ಈ ಸಲಹೆಗೆ ತಲೆಯಾಡಿಸಿದವನು ನಾನೇ. ಕೊಳಚೆಗೆಂದು ಹಾಕಿದ ಕೊಳವೆಗೆ ಬೀದಿಯ ತಾರಸಿಗಳೆಲ್ಲ ಸುರಿದರೆ ತಗ್ಗಿನ ಮನೆಗಳು ಉಕ್ಕದೆ ಇನ್ನೇನು? ಇದನ್ನೇ ಬಾಹ್ಯ ವೆಚ್ಚವೆಂದು ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ.

ಈಗ ಮಳೆನೀರಿನ ಕೊಳವೆಯನ್ನು ಇಂಗುಗುಂಡಿಗೆ ತಿರುಗಿಸಿದ್ದೇನೆ. ಎದುರು ಮನೆಯವರಿಗೂ ಹೇಳಿದೆ. ‘ಮುಂದಿನ ಮಳೆಗಾಲಕ್ಕೆ ನೋಡೋಣ’ ಎಂದಿದ್ದಾರೆ.