ಎರಡು ಪಾಸ್‌ಪೋರ್ಟ್‌ಗಳ ನಡುವೆ ನಿಂತ ಮಗ

ಕೆಲವು ವರ್ಷಗಳ ಹಿಂದೆ ಕುಂದಗೋಳ ತಾಲ್ಲೂಕಿನ ಕುಬಿಹಾಳದಲ್ಲಿ ಒಂದು ಮಯ್ಯತ್ ಆಯಿತು. ತೀರಿಹೋದವರು ಮೆಣಸಿನಕಾಯಿ ಹೊಲದಲ್ಲಿ ದುಡಿದು ಒಬ್ಬನೇ ಮಗನನ್ನು ಇಂಜಿನಿಯರ್ ಮಾಡಿದ ತಾಯಿ. ಊರಿಗೆಲ್ಲ ಅವರು ಖಾಲಾ. ಲಕ್ವಾ ಹೊಡೆದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಮಗ ದಿನಕ್ಕೆ ಹತ್ತು ಸಲ ಫೋನ್ ಮಾಡಿದ. ಆದರೆ ಬರಲಿಲ್ಲ. ಜನಾಝಾಕ್ಕೆ ಹೆಗಲು ಕೊಟ್ಟವರು ನೆರೆಹೊರೆಯವರು.

ಊರಿನ ಬಾಯಿ ಸುಮ್ಮನಿರುತ್ತದೆಯೇ? "ಮಗ ಈಗ ದೊಡ್ಡ ಸಾಹೇಬ ಆಗ್ಯಾನ, ಅವ್ವ ಯಾಕ ಬೇಕು?" ಎಂದರು ಕೆಲವರು. ಅವನಿಗೆ ಅಕ್ಷರ ಕಲಿಸಿದವನು ನಾನು. ಬಾಯಿ ಬಿಟ್ಟು ಹೇಳಲಿಲ್ಲವಾದರೂ ನನ್ನ ಮನಸ್ಸಿನಲ್ಲೂ ಅದೇ ಮಾತು ಇತ್ತು.

ದಫನ್ ಆದ ಎಂಟನೆಯ ದಿನ ಅವನು ಬಂದ. ಕಬರಸ್ತಾನದಲ್ಲಿ ಬಹಳ ಹೊತ್ತು ಕುಳಿತ. ಸಂಜೆ ನಮ್ಮ ಮನೆಗೆ ಬಂದು, "ಸರ್, ಅವ್ವ ಬಿದ್ದ ಸುದ್ದಿ ಬಂದಾಗ ನಾ ಪ್ರಮಾಣವಚನ ತಗೊಂಡು ಎರಡ ದಿನ ಆಗಿತ್ತರಿ. ಹಳೇ ಪಾಸ್‌ಪೋರ್ಟ್ ಕೈಯಾಗ ಇತ್ತು, ಆದ್ರ ಅದು ಸತ್ತಿತ್ತು. ಹೊಸದು ಇನ್ನೂ ಹುಟ್ಟಿರಲಿಲ್ಲ" ಎಂದ. ಅಂದು ನಾನು ಪಟ್ಟ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಓದುಗ ಸಹೋದರಿಯರೇ, ನಿಮ್ಮ ಮಗನೋ ಮಗಳೋ ಹೊರದೇಶದಲ್ಲಿದ್ದರೆ, "ಪೌರತ್ವದ ಅರ್ಜಿ ಕೊನೆಯ ಹಂತದಲ್ಲಿದೆ" ಎಂದು ಎಂದಾದರೂ ಫೋನಿನಲ್ಲಿ ಹೇಳಿರಬಹುದು. ನಾವು "ಆಗಲಿ, ಒಳ್ಳೆಯದಾಗಲಿ" ಎಂದು ಮಾತು ಬದಲಿಸುತ್ತೇವೆ. ಈದ್‌ಗೆ ಬಾ, ತಂಗಿಯ ನಿಕಾಹ್‌ಗೆ ಬಾ ಎಂದು ಕರೆಯುತ್ತೇವೆ. ಆ ಹಂತ ಎಂದರೇನು, ಆಗ ಪ್ರಯಾಣ ಮಾಡಬಹುದೇ ಎಂದು ಕೇಳುವುದಿಲ್ಲ. ಸೌದಿ, ದುಬೈಗೆ ದುಡಿಯಲು ಹೋದವರ ಮನೆಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಸಾಮಾನ್ಯ ಕೆಲಸಗಾರನಿಗೆ ಪೌರತ್ವದ ಮಾತೇ ಇಲ್ಲ. ಆದರೆ ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳಲ್ಲಿ ಮಕ್ಕಳಿರುವ ಮನೆಗಳು ಇದನ್ನು ತಿಳಿದಿರಲೇಬೇಕು.

ಮೂರು ಹಂತಗಳು

ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಗ್ರೀನ್ ಕಾರ್ಡ್ ಪಡೆದು ಸಾಮಾನ್ಯವಾಗಿ 5 ವರ್ಷ ವಾಸಿಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಅಲ್ಲಿನ ಪ್ರಜೆಯನ್ನು ಮದುವೆಯಾಗಿ ಅವರೊಂದಿಗೆ ಬಾಳುತ್ತಿರುವವರಿಗೆ 3 ವರ್ಷ ಸಾಕು. ಆ 5 ವರ್ಷಗಳಲ್ಲಿ ಕನಿಷ್ಠ 30 ತಿಂಗಳು ಆ ನೆಲದಲ್ಲಿಯೇ ಇದ್ದಿರಬೇಕು.

ಮೊದಲನೆಯ ಹಂತ, ಅರ್ಜಿ ಹಾಕಿ ಕಾಯುವ ಕಾಲ. ಆಗ ಪ್ರಯಾಣಕ್ಕೆ ಅಡ್ಡಿಯಿಲ್ಲ. ಭಾರತದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಚಾಲ್ತಿಯಲ್ಲಿದ್ದರೆ ಊರಿಗೂ ಬರಬಹುದು, ಉಮ್ರಾಕ್ಕೂ ಹೋಗಬಹುದು. ಆದರೆ ಬೆರಳಚ್ಚಿಗೆ, ಸಂದರ್ಶನಕ್ಕೆ ಕರೆ ಬಂದ ದಿನ ಅಲ್ಲಿರಬೇಕು. ಹೇಳದೆ ಕೇಳದೆ ಸಂದರ್ಶನ ತಪ್ಪಿಸಿದರೆ ಅರ್ಜಿಯ ಕಡತ ಮುಚ್ಚಿಹೋಗಬಹುದು. ಆದ್ದರಿಂದ ಊರಿಗೆ ಬರುವವರು ತಮ್ಮ ಮನೆಗೆ ಬರುವ ಪತ್ರಗಳನ್ನು ನೋಡಲು ಒಬ್ಬರನ್ನು ನೇಮಿಸಿ ಬರಬೇಕು.

ಎರಡನೆಯ ಹಂತ, ಸಂದರ್ಶನ ಮುಗಿದು ಪ್ರಮಾಣವಚನದ ದಿನಕ್ಕಾಗಿ ಕಾಯುವ ಕಾಲ. ಈಗಲೂ ಹೋಗಿ ಬರಬಹುದು. ಆದರೆ ಪ್ರಮಾಣದ ದಿನ ತುಂಬಬೇಕಾದ ಹಾಳೆಯಲ್ಲಿ, "ಸಂದರ್ಶನದ ನಂತರ ದೇಶದಿಂದ ಹೊರಗೆ ಹೋಗಿದ್ದಿರಾ?" ಎಂಬ ಪ್ರಶ್ನೆ ಇರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ತಾಯಿಯನ್ನು ನೋಡಲು ಹೋಗಿದ್ದೆ ಎಂದು ಬರೆಯುವುದರಲ್ಲಿ ಅಂಜಿಕೆ ಏಕೆ? ಹೋದದ್ದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು. ತಾಯಿಯ ಅನಾರೋಗ್ಯದಿಂದ ಪ್ರಮಾಣದ ದಿನ ಹಾಜರಾಗಲು ಆಗದಿದ್ದರೆ, ಕಾರಣ ಬರೆದು ಬೇರೆ ದಿನ ಕೇಳಬಹುದು. ಕಾರಣ ತಿಳಿಸದೆ ಒಂದಕ್ಕಿಂತ ಹೆಚ್ಚು ಸಲ ಗೈರುಹಾಜರಾದರೆ ಅರ್ಜಿ ಕೈಬಿಟ್ಟಂತೆ ಎಣಿಸಲಾಗುತ್ತದೆ.

ಮೂರನೆಯ ಹಂತ, ಪ್ರಮಾಣವಚನ ಮುಗಿದು ಹೊಸ ಪಾಸ್‌ಪೋರ್ಟ್ ಕೈಗೆ ಬರುವವರೆಗಿನ ದಿನಗಳು. ಎಲ್ಲರೂ "ಈಗ ಎಲ್ಲ ಮುಗಿಯಿತು" ಎಂದುಕೊಳ್ಳುವುದು ಇಲ್ಲಿಯೇ. ಕಷ್ಟ ಇರುವುದೂ ಇಲ್ಲಿಯೇ. ಪ್ರಮಾಣದ ದಿನ ಗ್ರೀನ್ ಕಾರ್ಡನ್ನು ಹಿಂದಕ್ಕೆ ಪಡೆಯುತ್ತಾರೆ. ಇತ್ತ ನಮ್ಮ ದೇಶ ಇಬ್ಬಗೆ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವನ ಭಾರತೀಯ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಪಾಸ್‌ಪೋರ್ಟಿನ ಮೇಲೆ ಇನ್ನೂ ಐದು ವರ್ಷದ ಅವಧಿ ಬರೆದಿದ್ದರೂ ಅದರ ಮೇಲೆ ಪ್ರಯಾಣ ಮಾಡುವಂತಿಲ್ಲ. ಅದನ್ನು ಭಾರತದ ಕಚೇರಿಗೆ ಒಪ್ಪಿಸಬೇಕು.

ನಮ್ಮ ಖಾಲಾ ಬಿದ್ದದ್ದು ಈ ದಿನಗಳಲ್ಲಿ. "ಪಾಸ್‌ಪೋರ್ಟ್ ಐತಿ ಅಂತೀ, ಮತ್ಯಾಕ ಬರವಲ್ಲಿ?" ಎಂದು ಮಾವಂದಿರು ಫೋನಿನಲ್ಲಿ ಗದರಿದ್ದರು. ಹಳೆಯದನ್ನು ತೋರಿಸಿ ವಿಮಾನ ಹತ್ತು ಎಂದು ಅಲ್ಲಿನ ಗೆಳೆಯನೊಬ್ಬನೂ ಹೇಳಿದ್ದನಂತೆ. ಹಾಗೆ ಮಾಡಿದ್ದರೆ ಭಾರತದ ಕಾನೂನನ್ನು ಮುರಿದಂತೆ ಆಗುತ್ತಿತ್ತು. ಕೈಯಲ್ಲಿ ಗ್ರೀನ್ ಕಾರ್ಡೂ ಇಲ್ಲದೆ ಹಿಂದಿರುಗುವಾಗ ಇನ್ನೊಂದು ಗೋಳು. ಅವನು ಹುಡುಕಿದ್ದು ನೇರವಾದ ದಾರಿ. ಹತ್ತಿರದ ಸಂಬಂಧಿ ಸಾವಿನ ಅಂಚಿನಲ್ಲಿದ್ದರೆ ಅಮೆರಿಕದ ಪಾಸ್‌ಪೋರ್ಟ್ ಕಚೇರಿಗಳು ತುರ್ತಾಗಿ ಪಾಸ್‌ಪೋರ್ಟ್ ಕೊಡುತ್ತವೆ. ಅದಕ್ಕೆ ಆಸ್ಪತ್ರೆಯ ಪತ್ರ ಬೇಕು. ಆ ಪತ್ರವನ್ನು ಇಲ್ಲಿಂದ ಕಳಿಸಲು ನಮಗೆ ಎರಡು ದಿನ ಹಿಡಿಯಿತು! ಆಮೇಲೆ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಭಾರತದ ತುರ್ತು ವೀಸಾ ಪಡೆಯಬೇಕಾಯಿತು. ಹುಟ್ಟಿದ ಊರಿಗೆ ಬರಲು ಅವನಿಗೆ ವೀಸಾ ಬೇಕಾಯಿತು. ಅಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದರು.

ಬಾಣಂತನಕ್ಕೆ ಕರೆಯುವ ಮುನ್ನ

ಈಗ ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮೆಲ್ಲರ ಆಸೆ. ತುಂಬಿದ ಗರ್ಭಿಣಿಯನ್ನು ವಿಮಾನದವರು ಹತ್ತಿಸುವುದಿಲ್ಲವೆಂದು ಮಗಳು ಏಳನೆಯ ತಿಂಗಳಲ್ಲೇ ಬರುತ್ತಾಳೆ. ಹೆರಿಗೆ ಆಗಿ, ನಲವತ್ತು ದಿನ ಕಳೆದು, ಅಕೀಕಾ ಮುಗಿಸಿ, ಕೂಸಿನ ಕಾಗದಪತ್ರ ಸಿದ್ಧವಾಗುವಷ್ಟರಲ್ಲಿ ಆರು ತಿಂಗಳು ದಾಟಿರುತ್ತದೆ.

ಆ ಆರು ತಿಂಗಳೇ ಗೆರೆ. ಒಂದೇ ಪ್ರಯಾಣದಲ್ಲಿ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ಮುರಿಯಿತು ಎಂದೇ ಅಮೆರಿಕದ ಕಾನೂನು ಊಹಿಸುತ್ತದೆ. ಮುರಿದಿಲ್ಲವೆಂದು ತೋರಿಸುವ ಹೊಣೆ ಮಗಳದು. ಗಂಡನ ಕೆಲಸ, ಮನೆಬಾಡಿಗೆ, ತೆರಿಗೆ ಪತ್ರ ಎಲ್ಲ ಮುಂದಿಡಬೇಕು. 1 ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ವಾಸ ಮುರಿದೇಹೋಗುತ್ತದೆ. ಈ ಲೆಕ್ಕ ಅರ್ಜಿ ಹಾಕಿದ ದಿನಕ್ಕೆ ನಿಲ್ಲುವುದಿಲ್ಲ, ಪ್ರಮಾಣವಚನದ ದಿನದವರೆಗೂ ಮುಂದುವರಿಯುತ್ತದೆ. "ಇನ್ನೊಂದು ತಿಂಗಳು ಇರು, ಕೂಸು ಇನ್ನೂ ಎಳೆಯದು" ಎಂದು ಪ್ರೀತಿಯಿಂದ ತಡೆಯುವ ತಾಯಿಗೆ ಮಗಳ ವರ್ಷಗಳ ಕಾಯುವಿಕೆ ಇದರಿಂದ ಹಾಳಾಗಬಹುದೆಂದು ಗೊತ್ತಿರುವುದಿಲ್ಲ. ಸಾಧ್ಯವಾದರೆ ನೀವೇ ಅಲ್ಲಿಗೆ ಹೋಗಿ ಬಾಣಂತನ ಮಾಡಿ ಬನ್ನಿ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಗ್ರೀನ್ ಕಾರ್ಡಿನ ಅರ್ಜಿ ಬೇರೆ, ಪೌರತ್ವದ ಅರ್ಜಿ ಬೇರೆ. ಅಲ್ಲಿಯೇ ಇದ್ದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವವರು, ಎಚ್-1ಬಿಯಂತಹ ಕೆಲವು ವೀಸಾದವರನ್ನು ಬಿಟ್ಟು, ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟರೆ ಆ ಅರ್ಜಿಯೇ ಬಿದ್ದುಹೋಗುತ್ತದೆ. "ಅವರ ಮಗ ಬಂದು ಹೋದ, ನೀನೇಕೆ ಬರುವುದಿಲ್ಲ?" ಎಂದು ಹೋಲಿಸುವ ಮುನ್ನ ಇದು ನೆನಪಿರಲಿ.

ಬೇರೆ ದೇಶ, ನಮ್ಮ ದೇಶ

ಕೆನಡಾದಲ್ಲಿ ಅರ್ಜಿಗೆ ಮುಂಚಿನ 5 ವರ್ಷಗಳಲ್ಲಿ 1,095 ದಿನ ಅಲ್ಲಿದ್ದಿರಬೇಕು. ಅರ್ಜಿ ಹಾಕಿದ ಮೇಲೆ ಹೊರಗೆ ಹೋಗಿ ಬರಬಹುದು. ಆದರೆ ಪ್ರಮಾಣವಚನವನ್ನು ಕಂಪ್ಯೂಟರಿನ ಮುಂದೆ ಕುಳಿತು ತೆಗೆದುಕೊಳ್ಳುವುದಾದರೂ ಕೆನಡಾದ ನೆಲದಲ್ಲೇ ಇರಬೇಕು. ಹುಬ್ಬಳ್ಳಿಯಲ್ಲಿ ಕುಳಿತು ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅರ್ಜಿಗೆ ಮುಂಚಿನ 5 ವರ್ಷಗಳಲ್ಲಿ ಹೊರಗಿದ್ದ ದಿನ 450ನ್ನು, ಕೊನೆಯ ವರ್ಷದಲ್ಲಿ 90ನ್ನು ಮೀರಬಾರದು.

ಹೊರಗಿನವರು ಮಾತ್ರ ಹೀಗೆ ಎಂದುಕೊಳ್ಳಬೇಡಿ. ನಮ್ಮ ಭಟ್ಕಳದಂತಹ ಊರುಗಳಿಗೆ ಕರಾಚಿಯಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳಿದ್ದಾರೆ. ಭಾರತೀಯನನ್ನು ಮದುವೆಯಾದ ವಿದೇಶಿ ಮಹಿಳೆ ಇಲ್ಲಿ 7 ವರ್ಷ ವಾಸಿಸಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲಿಯೇ ಇದ್ದಿರಬೇಕು. ಆ ವರ್ಷದಲ್ಲಿ ತವರಿನಲ್ಲಿ ತಂದೆ ತೀರಿಕೊಂಡರೂ ಹೋಗಬೇಕೋ ಬೇಡವೋ ಎಂದು ಅವಳು ದಿನ ಎಣಿಸುತ್ತಾಳೆ. 2015ರ ತಿದ್ದುಪಡಿಯಿಂದ ವಿಶೇಷ ಕಾರಣವಿದ್ದರೆ ಕೇಂದ್ರ ಸರಕಾರ 30 ದಿನಗಳವರೆಗೆ ವಿನಾಯಿತಿ ಕೊಡಬಹುದು. ಅಷ್ಟೇ.

ನಾವೇನು ಮಾಡಬಹುದು?

ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ: "ಅರ್ಜಿ ಯಾವ ಹಂತದಲ್ಲಿದೆ? ಪ್ರಮಾಣದ ದಿನ ಯಾವಾಗ?" ತಂದೆಯೋ ತಾಯಿಯೋ ಹಾಸಿಗೆ ಹಿಡಿದಿದ್ದರೆ ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಪ್ರಮಾಣಕ್ಕೆ ಮುಂಚೆ ಬಂದು ಮುಖ ನೋಡಿ ಹೋಗಲು ಅವರಿಗೆ ದಾರಿ ಇದೆ. ಪ್ರಮಾಣದ ಮರುದಿನ ಇಲ್ಲ. "ಸುಮ್ಮನೆ ಗಾಬರಿಯಾಗುತ್ತಾನೆ" ಎಂದು ಖಾಲಾ ತಮ್ಮ ಬಿ.ಪಿ. ವಿಷಯವನ್ನು ಮಗನಿಗೆ ಒಂದು ವರ್ಷ ಹೇಳಿಯೇ ಇರಲಿಲ್ಲ.

ಮಕ್ಕಳಿಗೂ ಹೇಳಿ: ಪ್ರಮಾಣ ಮುಗಿದ ದಿನವೇ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಲಿ, ಅದು ಬಂದೊಡನೆ ಹಳೆಯದನ್ನು ಒಪ್ಪಿಸಿ ಓಸಿಐ ಕಾರ್ಡಿಗೆ ಅರ್ಜಿ ಕೊಡಲಿ. ಆ ಕಾರ್ಡ್ ಇದ್ದರೆ ಜೀವನಪೂರ್ತಿ ವೀಸಾ ಕೇಳದೆ ಊರಿಗೆ ಬರಬಹುದು. ಮತದ ಹಕ್ಕಿಲ್ಲ, ಹೊಲ ಕೊಳ್ಳುವಂತಿಲ್ಲ. ಆದರೆ ತಂದೆ-ತಾಯಿಯಿಂದ ವಾರಸಾಗಿ ಬಂದ ಹೊಲ ಉಳಿಯುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ಮುನ್ನ ಅಲ್ಲಿನ ವಕೀಲರನ್ನೊಮ್ಮೆ ಕೇಳಲಿ.

ಕೊನೆಯದಾಗಿ, ಬಾರದ ಮಗನ ಬಗ್ಗೆ ಮಾತನಾಡುವ ಮುನ್ನ ಒಂದು ಗಳಿಗೆ ತಡೆಯಿರಿ. ಜನಾಝಾಕ್ಕೆ ಬಾರದವನ ಮನಸ್ಸಿನಲ್ಲಿ ಏನಿದೆಯೆಂದು ಅಲ್ಲಾಹನೇ ಬಲ್ಲ. ನಮ್ಮ ಖಾಲಾನ ಮಗ ಈಗ ಪ್ರತಿ ವರ್ಷ ಕುಬಿಹಾಳಕ್ಕೆ ಬರುತ್ತಾನೆ. ಊರವರು ಪ್ರೀತಿಯಿಂದಲೇ ಮಾತನಾಡಿಸುತ್ತಾರೆ. ಆದರೆ ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದವರು ಇನ್ನೂ ಕಡಿಮೆ. ನಾನು ಕೇಳಿದ್ದೇನೆ.