ಅಂಗಡಿ ಸೇರದ ಅಂಗೈ ಗಣಕ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಲವಗೊಪ್ಪವೆಂಬ ಊರೊಂದುಂಟು. ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯಿಂದ ಹೆಸರಾಗಿದ್ದ ಊರು ಅದು. ಇಂತಹ ಊರಿನ ಬೇಸಾಯಗಾರನಿಗೆ ಪೇಟೆಯ ಧಾರಣೆ ತಿಳಿಯಬೇಕಾದರೆ, ಪಹಣಿಯ ಪ್ರತಿ ಬೇಕಾದರೆ, ಬ್ಯಾಂಕಿನ ಲೆಕ್ಕ ನೋಡಬೇಕಾದರೆ ಪಟ್ಟಣಕ್ಕೆ ಹೋಗದೆ ಗತ್ಯಂತರವಿಲ್ಲದ ದಿನಗಳಿದ್ದವು. ಅವನ ಅಂಗೈಯಲ್ಲಿಯೇ, ಅವನ ಭಾಷೆಯಲ್ಲಿಯೇ ಈ ಮಾಹಿತಿಯೆಲ್ಲ ದೊರೆಯುವಂತೆ ಮಾಡಲು ಸಾಧ್ಯವೇ? ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬೆಂಗಳೂರಿನ ಕೆಲವರು ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು. ಅವರು ಕೊಟ್ಟ ಉತ್ತರದ ಹೆಸರು ‘ಸಿಂಪ್ಯೂಟರ್’. ಅದು ಹುಟ್ಟಿದ ಬಗೆ ಎಷ್ಟು ಸ್ವಾರಸ್ಯವೋ, ಪೇಟೆಯಲ್ಲಿ ಸೋತ ಬಗೆ ಅದಕ್ಕಿಂತಲೂ ಬೋಧಪ್ರದವಾದುದು.

ಪಡುವಣದ ಪೈಪೋಟಿ

ಅಂಗೈ ಗಣಕವೆಂಬುದು ಆ ವೇಳೆಗೆ ಜಗತ್ತಿಗೆ ಹೊಸದಾಗಿರಲಿಲ್ಲ. ಅಮೆರಿಕದ ಆ್ಯಪಲ್ ಸಂಸ್ಥೆ 1993ರಲ್ಲಿ ‘ನ್ಯೂಟನ್’ ಎಂಬ ಯಂತ್ರವನ್ನು ಸುಮಾರು 700 ಡಾಲರ್ ಬೆಲೆಗೆ ಮಾರಾಟಕ್ಕಿಟ್ಟಿತು. ಮನುಷ್ಯನ ಕೈಬರಹವನ್ನು ಅದು ಓದಬಲ್ಲುದೆಂದು ಡಂಗುರ ಹೊಡೆದದ್ದೇ ಅದಕ್ಕೆ ಮುಳುವಾಯಿತು. ಬರೆದದ್ದೊಂದು, ಯಂತ್ರ ಓದಿದ್ದು ಇನ್ನೊಂದಾಗಿ, ನಗೆಗೀಡಾದ ನ್ಯೂಟನ್ನಿನ ತಯಾರಿಕೆ 1998ರಲ್ಲಿ ನಿಂತುಹೋಯಿತು.

ಇಷ್ಟರಲ್ಲಿ ಜೆಫ್ ಹಾಕಿನ್ಸ್ ಎಂಬಾತ ಬೇರೆಯೇ ದಾರಿ ಹಿಡಿದಿದ್ದ. ಯಂತ್ರವನ್ನು ತಯಾರಿಸುವ ಮೊದಲು ಅದೇ ಗಾತ್ರದ ಮರದ ತುಂಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡಿ, ಅದರ ಮೇಲೆ ಬರೆದಂತೆ ನಟಿಸಿ, ತನಗೆ ನಿಜವಾಗಿ ಬೇಕಾದುದೇನೆಂಬುದನ್ನು ಪರೀಕ್ಷಿಸಿದ. ಅವನ ಪಾಮ್ ಸಂಸ್ಥೆ 1996ರಲ್ಲಿ ಹೊರತಂದ ‘ಪೈಲಟ್’ ಯಂತ್ರದ ಬೆಲೆ 299 ಡಾಲರ್. ವಿಳಾಸ, ದಿನಚರಿ, ಟಿಪ್ಪಣಿ ಮೊದಲಾದ ಕೆಲವೇ ಕೆಲಸಗಳನ್ನು ಅದು ಚೊಕ್ಕವಾಗಿ ಮಾಡುತ್ತಿತ್ತು. ಅದು ಬಿಸಿಬಿಸಿಯಾಗಿ ಖರ್ಚಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯೂ ಚಿಕ್ಕ ಯಂತ್ರಗಳಿಗೆಂದೇ ‘ವಿಂಡೋಸ್ ಸಿಇ’ಯನ್ನು ರೂಪಿಸಿ ಕಣಕ್ಕಿಳಿಯಿತು. ಆದರೆ ಇವರೆಲ್ಲರ ಗಿರಾಕಿ ಒಬ್ಬನೇ: ಇಂಗ್ಲಿಷ್ ಬಲ್ಲ, ಮೇಜಿನ ಮೇಲೆ ಆಗಲೇ ಒಂದು ಗಣಕವಿದ್ದ ಸ್ಥಿತಿವಂತ.

ಬೆಂಗಳೂರಿನ ಹಂಬಲ

ಈ ಗಿರಾಕಿಯನ್ನು ಬಿಟ್ಟು, ಗಣಕವನ್ನೇ ಕಾಣದವನತ್ತ ಮುಖಮಾಡಿದ್ದು ಸಿಂಪ್ಯೂಟರಿನ ಹೆಚ್ಚುಗಾರಿಕೆ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ ಇದರ ಬೀಜ ಬಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳೂ ಸೇರಿ 1999ರಲ್ಲಿ ‘ಸಿಂಪ್ಯೂಟರ್ ಟ್ರಸ್ಟ್’ ಸ್ಥಾಪಿಸಿದರು. ಸರಳವಾಗಿರಬೇಕು, ಅಗ್ಗವಾಗಿರಬೇಕು, ಹಲವು ಭಾಷೆಗಳನ್ನಾಡಬೇಕು. ಇದು ಅವರ ಸಂಕಲ್ಪ. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಬೆಳಕು ಕಂಡಿತು. ಅಕ್ಷರ ಬಾರದವನಿಗೂ ಅನುಕೂಲವಾಗಲೆಂದು ಅದು ಕನ್ನಡದ ಬರಹವನ್ನು ದನಿಯಾಗಿ ಓದಿ ಹೇಳುತ್ತಿತ್ತು.

ಗುರಿಯಿಟ್ಟ ಬೆಲೆ ಸುಮಾರು 9,000 ರೂಪಾಯಿ. ಅದೂ ಬಡವನ ಕೈಗೆಟುಕದೆಂಬುದನ್ನು ಅರಿತು ಒಂದು ಉಪಾಯ ಹೂಡಿದ್ದರು. ಪಂಚಾಯಿತಿಯೋ ಶಾಲೆಯೋ ಅಂಗಡಿಯೋ ಒಂದು ಯಂತ್ರವನ್ನು ಕೊಳ್ಳುವುದು. ಊರಿನವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡನ್ನು ತಂದು ಅದರಲ್ಲಿ ತೂರಿಸಿ, ಕೆಲಸ ಮುಗಿಸಿಕೊಂಡು ಹೋಗುವುದು. ಆಗ ಬೀದಿಬೀದಿಯಲ್ಲಿದ್ದ ಎಸ್.ಟಿ.ಡಿ. ಬೂತುಗಳಂತೆಯೇ ಇದೂ ಹತ್ತು ಜನರ ಸೊತ್ತು.

ಹೊಗಳಿಕೆ ಬಂತು, ಗಿರಾಕಿ ಬರಲಿಲ್ಲ

ಹೊರದೇಶದ ಪತ್ರಿಕೆಗಳು ಸಿಂಪ್ಯೂಟರನ್ನು ಮುಕ್ತಕಂಠದಿಂದ ಹೊಗಳಿದವು. 2001ರ ಕೊನೆಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಅದನ್ನು ಆ ವರ್ಷದ ಹಿರಿಯ ಆವಿಷ್ಕಾರಗಳ ಸಾಲಿನಲ್ಲಿ ನಿಲ್ಲಿಸಿದ. ಆದರೆ ಹೊಗಳಿಕೆಯಿಂದ ಅಂಗಡಿ ನಡೆಯುವುದಿಲ್ಲ. ಬೆಲೆ ಇಳಿಯಬೇಕಾದರೆ ಲಕ್ಷಗಟ್ಟಲೆ ಯಂತ್ರಗಳು ತಯಾರಾಗಬೇಕು. ಲಕ್ಷಗಟ್ಟಲೆ ಬೇಡಿಕೆ ಬರಬೇಕಾದರೆ ಬೆಲೆ ಇಳಿಯಬೇಕು. ಹುಚ್ಚು ಬಿಡುವತನಕ ಮದುವೆಯಾಗದು, ಮದುವೆಯಾಗುವತನಕ ಹುಚ್ಚು ಬಿಡದು ಎಂಬ ಗಾದೆಯೇ ಇಲ್ಲಿ ನಿಜವಾಯಿತು.

ಸಾಲದುದಕ್ಕೆ, ಒಂದೇ ಟ್ರಸ್ಟಿನ ನೆರಳಿನಲ್ಲಿ ಎನ್‌ಕೋರ್ ಒಂದು ಕಡೆ, ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಕಟ್ಟಿದ ಪಿಕೋಪೆಟಾ ಇನ್ನೊಂದು ಕಡೆ ಬೇರೆ ಬೇರೆ ಯಂತ್ರಗಳೊಡನೆ ಪೇಟೆಗೆ ನಡೆದವು. ಪಿಕೋಪೆಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ನೆರವಿನಿಂದ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಹೊರಬಂದದ್ದು 2004ರ ಏಪ್ರಿಲ್‌ನಲ್ಲಿ, ಮಾದರಿ ಕಂಡು ಮೂರು ವರ್ಷಗಳಾದ ಮೇಲೆ. ಕಪ್ಪುಬಿಳುಪು ಪರದೆಯದಕ್ಕೆ ಸುಮಾರು 10,000 ರೂಪಾಯಿ. ಬಣ್ಣದ ಪರದೆಯದಕ್ಕೆ ಹೆಚ್ಚುಕಡಿಮೆ ಅದರ ಇಮ್ಮಡಿ. ಕೈಯನ್ನು ಓಲಿಸಿದರೆ ಪುಟ ಮಗುಚುವ ಸೌಕರ್ಯ ಅದರಲ್ಲಿತ್ತು. ಆ್ಯಪಲ್ಲಿನ ಐಫೋನ್ ಹುಟ್ಟಲು ಇನ್ನೂ ಮೂರು ವರ್ಷಗಳಿದ್ದಾಗಿನ ಮಾತು ಇದು!

ಕರ್ನಾಟಕ ಸರ್ಕಾರ ಭೂದಾಖಲೆಗಳ ಕೆಲಸದಲ್ಲಿಯೂ ಛತ್ತೀಸಗಢದಲ್ಲಿ ಶಾಲೆಯ ಮಕ್ಕಳ ನಡುವೆಯೂ ಸಿಂಪ್ಯೂಟರನ್ನು ಬಳಸಿ ನೋಡಿದ್ದುಂಟು. ಆದರೆ ಪ್ರಯೋಗದ ಮುಂದೆ ದೊಡ್ಡ ಖರೀದಿ ಬರಲಿಲ್ಲ. 50,000 ಯಂತ್ರಗಳು ಮಾರಾಟವಾದಾವೆಂಬ ನಿರೀಕ್ಷೆಯಿತ್ತು. 2005ರ ವೇಳೆಗೆ ಮಾರಾಟವಾದವು ಸುಮಾರು 4,000. ದೇಶದ ಸುಮಾರು ಆರು ಲಕ್ಷ ಹಳ್ಳಿಗಳಿಗೆ ಹಂಚಿದರೆ 150 ಹಳ್ಳಿಗಳಿಗೊಂದು! ಹಳ್ಳಿಯವನು ಅದನ್ನು ಬೇಡವೆಂದನೆಂದು ಹೇಳುವುದು ತಪ್ಪು. ಬೇಕೆನ್ನುವುದಕ್ಕಾದರೂ ಅದು ಅವನ ಕಣ್ಣಿಗೆ ಬೀಳಬೇಕಲ್ಲವೇ?

ಟಾರ್ಚಿನ ಫೋನು

ನಿಜವಾದ ಪ್ರತಿಸ್ಪರ್ಧಿ ಅಮೆರಿಕದ ಅಂಗೈ ಗಣಕವಾಗಿರಲಿಲ್ಲ. 2003ರಲ್ಲಿ ಭಾರತದಲ್ಲಿ ಮೊಬೈಲಿಗೆ ಬರುವ ಕರೆಗಳು ಪುಕ್ಕಟೆಯಾದವು. ಅದೇ ವರ್ಷ 501 ರೂಪಾಯಿ ಮುಂಗಡ ಕಟ್ಟಿದವನಿಗೆ ರಿಲಯನ್ಸ್ ಸಂಸ್ಥೆ ಫೋನು ಕೊಡತೊಡಗಿತು. ನೋಕಿಯಾ ಸಂಸ್ಥೆಯ 1100 ಎಂಬ ಫೋನೂ ಅದೇ ವರ್ಷ ಬಂದಿತು. ಅದರಲ್ಲಿ ಧೂಳು ಹೊಗದ ಗುಂಡಿಗಳಿದ್ದವು. ಕರೆಂಟು ಹೋದಾಗ ದಾರಿ ತೋರುವ ಟಾರ್ಚು ಇತ್ತು. ಜಗತ್ತಿನಾದ್ಯಂತ ಅದು 25 ಕೋಟಿ ಮಾರಾಟವಾಯಿತೆಂದರೆ ಸೋಜಿಗವೇ ಸರಿ. ಸಿಂಪ್ಯೂಟರಿನ ಮುಂದೆ ಅದು ದಡ್ಡ ಯಂತ್ರ. ಆದರೆ ಮಗಳ ಮನೆಯಿಂದ ಕರೆ ಬಂದಾಗ ಅದನ್ನೆತ್ತಿ ಮಾತನಾಡಬಹುದಿತ್ತು. ಹತ್ತಿರದ ಅಂಗಡಿಯಲ್ಲಿಯೇ ಹಣ ತುಂಬಿಸಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಅದು ತನ್ನದಾಗಿತ್ತು. ಬಡವನು ಹಂಚಿಕೊಂಡು ತೃಪ್ತನಾಗುತ್ತಾನೆಂದು ವಿದ್ವಾಂಸರು ಎಣಿಸಿದ್ದರು; ತನ್ನ ಜೇಬಿನಲ್ಲಿಯೂ ಒಂದಿರಲೆಂದು ಬಡವನು ಬಯಸಿದ. ಎಸ್.ಟಿ.ಡಿ. ಬೂತುಗಳು ಬಾಗಿಲು ಹಾಕಿದ್ದೂ ಈ ಬಯಕೆಯಿಂದಲೇ. ಕೊನೆಗೆ ಪೈಲಟ್ಟಿನ ವಂಶವನ್ನೂ ಫೋನೇ ನುಂಗಿಹಾಕಿತು.

ಇಂದು ಮಲವಗೊಪ್ಪದ ಬೇಸಾಯಗಾರ ತನ್ನ ಫೋನಿನಲ್ಲಿ ಪಹಣಿ ನೋಡಬಲ್ಲ, ಅಡಕೆಯ ಧಾರಣೆ ಕೇಳಬಲ್ಲ. ಕನ್ನಡದಲ್ಲಿಯೇ ಯಂತ್ರದೊಡನೆ ಮಾತನಾಡಬಲ್ಲ. ಬೆಂಗಳೂರಿನವರು ಕೇಳಿದ್ದ ಪ್ರಶ್ನೆ ಸರಿಯಾಗಿಯೇ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಆ ಫೋನುಗಳ ಮೇಲಿರುವ ಹೆಸರುಗಳು ಹೆಚ್ಚಾಗಿ ಹೊರದೇಶದವು. ನಮ್ಮ ಮುಂದಿನ ಆವಿಷ್ಕಾರಕರು ಪ್ರಯೋಗಶಾಲೆಯಲ್ಲಿ ಕಳೆದಷ್ಟೇ ಹೊತ್ತನ್ನು ಅಂಗಡಿಯ ಕಟ್ಟೆಯ ಮೇಲೆಯೂ ಕಳೆದರೆ, ಆ ಹೆಸರುಗಳ ಪಕ್ಕದಲ್ಲಿ ನಮ್ಮದೊಂದಕ್ಕೂ ಎಡೆ ಸಿಕ್ಕೀತು.